ದಿನಾ ಕೆಲಸಕ್ಕೆ ಸೈಕಲ್: ಆರಿಸುವಾಗ, ಸಜ್ಜು ಮಾಡುವಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಸೈಕಲ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಗೇರು, ಯಾವ ಕಂಪನಿ ಎಂದು. ಅವೆರಡೂ ಆಮೇಲಿನ ಮಾತು. ಸೀಟು, ಹ್ಯಾಂಡಲ್, ಟೈರು, ಪೆಡಲ್, ಲೈಟು ಎಲ್ಲವನ್ನೂ ಮುಂದೆ ಯಾವಾಗ ಬೇಕಾದರೂ ಬದಲಿಸಬಹುದು. ಬದಲಿಸಲು ಬಾರದ್ದು ಫ್ರೇಮು. ಅದರ ಅಳತೆ ಎಷ್ಟು, ಅದರೊಳಗೆ ಎಷ್ಟು ದಪ್ಪದ ಟೈರು ಹಿಡಿಯುತ್ತದೆ, ಮಡ್‌ಗಾರ್ಡ್ ಮತ್ತು ಕ್ಯಾರಿಯರ್ ಬಿಗಿಯಲು ತೂತುಗಳಿವೆಯೇ, ಈ ಮೂರನ್ನು ಮೊದಲು ನೋಡಿ.

ರೋಡ್ ಬೈಕ್, ಎಂಟಿಬಿ (ಮೌಂಟನ್ ಬೈಕ್), ಹೈಬ್ರಿಡ್ (ಇವೆರಡರ ನಡುವಿನದು), ಸಿಟಿ ಬೈಕ್ ಅಂತೆಲ್ಲ ಇವೆ. ನನಗೆ ಯಾವುದು?

ಹೆಚ್ಚಿನವರಿಗೆ ಹೈಬ್ರಿಡ್ ಅಥವಾ ಸಿಟಿ ಬೈಕ್ ಸರಿಹೋಗುತ್ತದೆ. ಎರಡರಲ್ಲೂ ತಲೆ ಎತ್ತಿ ಕೂರಬಹುದು, ಬ್ರೇಕ್ ಸದಾ ಬೆರಳಿಗೆ ಸಿಗುವ ಹಾಗಿರುತ್ತದೆ. ಸಂದಣಿಯಲ್ಲಿ ಸಾಗುವವರಿಗೆ ಮುಂದಿನ ಎರಡು ವಾಹನಗಳಾಚೆ ಏನಾಗುತ್ತಿದೆ ಎಂದು ಕಾಣುವುದು ವೇಗಕ್ಕಿಂತ ಮುಖ್ಯ. ಸಿಟಿ ಬೈಕಿನಲ್ಲಿ ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಚೈನ್ ಕವರ್ ಸಾಮಾನ್ಯವಾಗಿ ಜೊತೆಗೇ ಬರುತ್ತವೆ. ಹೈಬ್ರಿಡ್ ಕೊಂಚ ಹಗುರ, ಆದರೆ ಬಿಡಿ ಸಾಮಾನೆಲ್ಲ ನೀವೇ ಹಾಕಿಸಬೇಕು.

ರೋಡ್ ಬೈಕ್ ಹಗುರ, ಚುರುಕು. ಆದರೆ ಅನೇಕ ಮಾದರಿಗಳಲ್ಲಿ ದಪ್ಪ ಟೈರಿಗೆ ಜಾಗವಿಲ್ಲ, ಮಡ್‌ಗಾರ್ಡಿಗೆ ತೂತಿಲ್ಲ. ಬಾಗಿದ ಹ್ಯಾಂಡಲ್ಲೇ ಬೇಕು, ದಿನಾ ಹದಿನೈದು ಕಿಲೋಮೀಟರಿಗಿಂತ ಹೆಚ್ಚು ತುಳಿಯಬೇಕು ಎನ್ನುವವರು ಕಚ್ಚಾ ರಸ್ತೆಗೂ ಆಗುವ ಗ್ರಾವೆಲ್ ಬೈಕ್ ನೋಡಲಿ. ಅದರಲ್ಲಿ 40 ಮಿ.ಮೀ. ಟೈರಿಗೆ ಜಾಗವೂ ಇರುತ್ತದೆ, ಕ್ಯಾರಿಯರಿಗೆ ತೂತೂ ಸಾಮಾನ್ಯವಾಗಿ ಇರುತ್ತದೆ.

ಎಂಟಿಬಿಯ ಗಡಸು ನೋಟಕ್ಕೆ ಮನಸೋಲುವವರು ಬಹಳ. ಅದರ ಮುಳ್ಳುಮುಳ್ಳಾದ ಟೈರು ಮಣ್ಣಿನ ಹಾದಿಗೆ ಹೇಳಿ ಮಾಡಿಸಿದ್ದು. ಡಾಂಬರಿನ ಮೇಲೆ ಅದು ಗುಂಯ್ ಎಂದು ಸದ್ದು ಮಾಡುತ್ತಾ ನಿಮ್ಮ ಬಲವನ್ನು ತಿನ್ನುತ್ತದೆ. ಹಾಗೆಂದು ಮನೆಯಲ್ಲಿ ಶಾಕ್ ಇಲ್ಲದ ಹಳೆಯ 26 ಇಂಚಿನ ಎಂಟಿಬಿ ಇದ್ದರೆ ಮಾರಿಬಿಡಬೇಡಿ. ನುಣುಪಾದ ಟೈರು, ಮಡ್‌ಗಾರ್ಡ್, ಕ್ಯಾರಿಯರ್ ಹಾಕಿಸಿದರೆ ಅಂಥ ಸೈಕಲ್ ನಗರಕ್ಕೆ ಬಹಳ ಒಳ್ಳೆಯದು.

ಫ್ರೇಮಿನ ಅಳತೆ ಹೇಗೆ ನೋಡುವುದು?

ಒಂದು ಕಂಪನಿಯ "ಮೀಡಿಯಂ" ಇನ್ನೊಂದರ "ಸ್ಮಾಲ್" ಆಗಿರಬಹುದು. ಹಾಗಾಗಿ ಹತ್ತಿ ನೋಡದೆ ಕೊಳ್ಳಬೇಡಿ. ಸೈಕಲ್‌ನ ಮೇಲಿನ ಪೈಪಿನ ಎರಡೂ ಬದಿಗೆ ಕಾಲಿಟ್ಟು ನಿಂತಾಗ ಪೈಪಿಗೂ ನಿಮಗೂ ನಡುವೆ ಕನಿಷ್ಠ ಎರಡು ಮೂರು ಸೆಂಟಿಮೀಟರ್ ಸಂದಿ ಇರಬೇಕು. ಅದಕ್ಕಿಂತ ಮುಖ್ಯವಾದದ್ದು ಸೀಟಿನಿಂದ ಹ್ಯಾಂಡಲ್‌ಗೆ ಇರುವ ದೂರ. ಕೂತು ಹ್ಯಾಂಡಲ್ ಹಿಡಿದಾಗ ಮೊಣಕೈ ತುಸು ಮಡಚಿರಬೇಕು, ಹೆಗಲು ಬಿಗಿಯಬಾರದು. ಎತ್ತರವನ್ನು ಸೀಟು ಏರಿಸಿ ಸರಿಪಡಿಸಬಹುದು. ಉದ್ದ ಹೆಚ್ಚಾದ ಫ್ರೇಮನ್ನು ಸಂಭಾಳಿಸುವುದು ಕಷ್ಟ. ಎರಡು ಅಳತೆಗಳ ನಡುವೆ ಸಿಕ್ಕಿಕೊಂಡರೆ ನಗರಕ್ಕೆ ಚಿಕ್ಕದನ್ನೇ ಆರಿಸಿ.

ಉದ್ದನೆಯ ಬಟ್ಟೆ ಉಡುವವರಿಗೆ, ಮಂಡಿನೋವಿದ್ದವರಿಗೆ, ಹಿಂದೆ ಮಗುವನ್ನು ಕೂರಿಸಿಕೊಳ್ಳುವವರಿಗೆ ಮೇಲಿನ ಪೈಪು ಕೆಳಗಿಳಿದಿರುವ ಫ್ರೇಮು ವರ. ಅದನ್ನು "ಲೇಡೀಸ್ ಸೈಕಲ್" ಎಂದು ಗಂಡಸರು ಬದಿಗೆ ಸರಿಸುವುದಕ್ಕೆ ಯಾವ ಕಾರಣವೂ ಇಲ್ಲ. ಕ್ಯಾರಿಯರ್ ತುಂಬ ಸಾಮಾನಿದ್ದಾಗ ಕಾಲನ್ನು ಹಿಂದಿನಿಂದ ಬೀಸಿ ಹತ್ತುವುದು ಯಾರಿಗೂ ಆಗುವ ಕೆಲಸವಲ್ಲ.

ಸೀಟಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಊರಬೇಕಲ್ಲವೇ?

ಬೇಡ. ಮಂಡಿನೋವು ಶುರುವಾಗುವುದೇ ಈ ನಂಬಿಕೆಯಿಂದ. ಪಾದ ಪೂರ್ತಿ ಊರುವಷ್ಟು ಸೀಟು ಇಳಿಸಿದರೆ ಪ್ರತಿ ಸುತ್ತಿನಲ್ಲೂ ಮಂಡಿ ಅತಿಯಾಗಿ ಮಡಚುತ್ತದೆ, ತೊಡೆಯ ಬಲ ಪೆಡಲಿಗೆ ಇಳಿಯುವುದೇ ಇಲ್ಲ. ನಾಲ್ಕು ಕಿಲೋಮೀಟರಿಗೇ ಸುಸ್ತಾಗಿ "ನನಗೆ ಸೈಕಲ್ ಆಗಿಬರಲ್ಲ" ಎಂದು ಬಿಟ್ಟವರಲ್ಲಿ ಹಲವರ ಸೀಟು ಬರೀ ಕೆಳಗಿತ್ತು, ಅಷ್ಟೆ.

ಸರಿಯಾದ ಎತ್ತರ ಹುಡುಕಲು ಗೋಡೆಗೆ ಒರಗಿ ಸೀಟಿನ ಮೇಲೆ ಕೂರಿ. ಪೆಡಲನ್ನು ತೀರಾ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ಪೂರ್ತಿ ನೇರವಾಗಬೇಕು, ಸೊಂಟ ಆ ಕಡೆಗೆ ವಾಲಬಾರದು. ಈಗ ಪಾದದ ಮುಂಭಾಗವನ್ನು ಪೆಡಲಿಗೆ ತಂದರೆ ಮಂಡಿ ತಾನಾಗಿ ಸ್ವಲ್ಪ ಮಡಚಿಕೊಳ್ಳುತ್ತದೆ. ಅಷ್ಟು ಬೇಕು. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ ಒಂದು ಕಾಲು ಊರಿ, ಹೊರಡುವಾಗ ಇನ್ನೊಂದು ಕಾಲಿನ ಪೆಡಲ್ ಒತ್ತುತ್ತಾ ಸೀಟಿಗೇರಿ. ಒಂದು ವಾರದಲ್ಲಿ ರೂಢಿಯಾಗುತ್ತದೆ. ರೂಢಿಯಾಗುವವರೆಗೆ ಒಂದೆರಡು ಸೆಂಟಿಮೀಟರ್ ಕೆಳಗಿಟ್ಟುಕೊಂಡರೆ ತಪ್ಪೇನಿಲ್ಲ. ಸೀಟಿನ ಕಂಬದ ಮೇಲೆ ಗೀಟು ಕೊರೆದಿರುತ್ತದೆ, ಆ ಗೀಟು ಹೊರಗೆ ಕಾಣುವಷ್ಟು ಮೇಲೆಳೆಯಬೇಡಿ. ಕಂಬ ಮುರಿಯಬಹುದು, ಫ್ರೇಮು ಬಿರಿಯಬಹುದು.

ಸೀಟು ಮೆತ್ತಗಿದ್ದಷ್ಟೂ ಒಳ್ಳೆಯದೇ?

ಅಲ್ಲ. ಮೈಯ ಭಾರ ಹೊರಬೇಕಾದದ್ದು ಕುಂಡಿಯ ಎರಡು ಮೂಳೆಗಳು. ತೀರಾ ಮೆತ್ತಗಿನ ಸೀಟಿನಲ್ಲಿ ಆ ಮೂಳೆಗಳು ಹುದುಗಿ, ನಡುವಿನ ನಾಜೂಕು ಭಾಗಕ್ಕೆ ಒತ್ತಡ ಬೀಳುತ್ತದೆ. ನೆಟ್ಟಗೆ ಕೂರುವವರಿಗೆ ತುಸು ಅಗಲದ ಸೀಟು, ಮುಂದಕ್ಕೆ ಬಾಗುವವರಿಗೆ ಕಿರಿದು. ಸೀಟು ನೆಲಕ್ಕೆ ಸಮನಾಗಿರಲಿ. ಹೊಸ ಸೈಕಲ್‌ನಲ್ಲಿ ಮೊದಲ ಎರಡು ವಾರ ಸ್ವಲ್ಪ ನೋವಾಗುವುದು ಸಹಜ. ಆಮೇಲೂ ನೋವಿದ್ದರೆ, ಜೋಮು ಹಿಡಿದರೆ ಸೀಟು ಬದಲಿಸಿ.

21 ಗೇರು ಬೇಕೇ?

ಬೇಡ. ಮುಂದೆ 3, ಹಿಂದೆ 7 ಹಲ್ಲುಚಕ್ರ ಸೇರಿ 21 ಆಗುತ್ತದೆ ನಿಜ, ಆದರೆ ಅವುಗಳಲ್ಲಿ ಹಲವು ಒಂದಕ್ಕೊಂದು ಸಮ. ಚೈನು ಅಡ್ಡಡ್ಡವಾಗಿ ಎಳೆದುಕೊಳ್ಳುವ ಜೋಡಿಗಳನ್ನು ಬಳಸಲೂ ಬಾರದು. ಮುಂದೆ ಒಂದೇ ಚಕ್ರ, ಹಿಂದೆ 8 ಅಥವಾ 9 ಇದ್ದರೆ ನಗರಕ್ಕೆ ಧಾರಾಳ. ಮುಂದಿನದು 38 ಹಲ್ಲಿನದು, ಹಿಂದಿನವು 11ರಿಂದ 34 ಹಲ್ಲಿನವು ಎಂದಿಟ್ಟುಕೊಳ್ಳಿ. ಅತಿ ಹಗುರ ಗೇರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು ಎರಡೂವರೆ ಮೀಟರ್ ಸಾಗುತ್ತದೆ, ಅತಿ ಭಾರದ ಗೇರಿನಲ್ಲಿ ಏಳೂವರೆ ಮೀಟರ್. ಫ್ಲೈಓವರ್ ಏರುವುದಕ್ಕೂ ಖಾಲಿ ರಸ್ತೆಯಲ್ಲಿ ಓಡಿಸುವುದಕ್ಕೂ ಇಷ್ಟು ಸಾಕು.

ನನ್ನ ಮೆಚ್ಚಿನದು ಹಿಂದಿನ ಚಕ್ರದ ಹಬ್ಬಿನೊಳಗೇ, ಅಂದರೆ ಚಕ್ರದ ನಡುವಿನ ಭಾಗದೊಳಗೇ, ಅಡಗಿರುವ ಗೇರು. 1902ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಸ್ಟರ್ಮಿ-ಆರ್ಚರ್ ಕಂಪನಿ ಹೆಸರು ಮಾಡಿದ್ದೇ ಮೂರು ಗೇರಿನ ಹಬ್ಬಿನಿಂದ. ಜಪಾನಿನ ಶಿಮಾನೊ ಕಂಪನಿಯ ನೆಕ್ಸಸ್ ಹಬ್ಬುಗಳಲ್ಲಿ 3, 7, 8 ಗೇರಿನವು ಸಿಗುತ್ತವೆ. ಸಿಗ್ನಲ್‌ನಲ್ಲಿ ನಿಂತಲ್ಲೇ ಗೇರು ಇಳಿಸಬಹುದು ಎನ್ನುವುದು ಇದರ ದೊಡ್ಡ ಸೌಕರ್ಯ. ಮಾಮೂಲಿ ಗೇರಿನಲ್ಲಿ ನಿಲ್ಲುವ ಮೊದಲೇ, ಪೆಡಲ್ ತುಳಿಯುತ್ತಿರುವಾಗಲೇ ಇಳಿಸಿಕೊಳ್ಳಬೇಕು. ಮಳೆ, ಕೆಸರು ಹಬ್ಬಿನೊಳಕ್ಕೆ ಹೋಗುವುದಿಲ್ಲ, ಪೂರ್ತಿ ಚೈನ್ ಕವರ್ ಹಾಕಲೂ ಬರುತ್ತದೆ. ತೂಕ ಕೊಂಚ ಹೆಚ್ಚು, ಹಿಂದಿನ ಚಕ್ರ ಬಿಚ್ಚುವುದು ಸ್ವಲ್ಪ ರಗಳೆ. ಹಾದಿ ಪೂರ್ತಿ ಸಪಾಟಾಗಿದ್ದರೆ ಗೇರಿಲ್ಲದ ಸೈಕಲ್ಲೇ ಎಲ್ಲಕ್ಕಿಂತ ಕಡಿಮೆ ಖರ್ಚಿನದು.

ಗುಂಡಿಗಳಿರುವ ರಸ್ತೆ. ಮುಂದೆ ಶಾಕ್ ಇರುವ ಸೈಕಲ್ ಬೇಡವೇ?

ಅಗ್ಗದ ಶಾಕ್ ಫೋರ್ಕು ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ, ಮಳೆಗೆ ಒಳಗೆ ತುಕ್ಕು ಹಿಡಿದು ಬಿಗಿದುಕೊಳ್ಳುತ್ತದೆ, ಏರಿನಲ್ಲಿ ಎದ್ದು ತುಳಿದರೆ ನಿಮ್ಮ ಬಲವನ್ನೇ ಕುಣಿದು ಕಳೆಯುತ್ತದೆ. ಮಡ್‌ಗಾರ್ಡ್ ಹಾಕಿಸುವುದಕ್ಕೂ ಅಡ್ಡಿ. ಗುಂಡಿಯ ಕುಲುಕಾಟಕ್ಕೆ ಮದ್ದು ದಪ್ಪ ಟೈರು, ಅದರಲ್ಲಿ ಹದವಾದ ಗಾಳಿ.

ಟೈರು ಎಷ್ಟು ದಪ್ಪ ಇರಬೇಕು? ಗಾಳಿ ಎಷ್ಟು?

ಟೈರಿನ ಬದಿಯಲ್ಲಿ 37-622 ಅಥವಾ 50-559 ಎಂಬಂಥ ಅಂಕಿ ಇರುತ್ತದೆ. ಮೊದಲನೆಯದು ದಪ್ಪ, ಎರಡನೆಯದು ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 700ಸಿ, 29 ಇಂಚು ಎಂದು ಬೇರೆ ಬೇರೆ ಹೆಸರಿದ್ದರೂ ಎರಡೂ 622. 27.5 ಇಂಚು ಅಂದರೆ 584, ಎಂಟಿಬಿಯ 26 ಇಂಚು ಅಂದರೆ 559. ಇಂಚಿನ ಲೆಕ್ಕ ನಂಬಿ ಟೈರು ತಂದರೆ ಕೂರದೇ ಹೋಗಬಹುದು. ಈ ಅಂಕಿಯನ್ನು ಫೋನಿನಲ್ಲಿ ಫೋಟೊ ಹಿಡಿದಿಟ್ಟುಕೊಳ್ಳಿ.

ನಗರಕ್ಕೆ 35ರಿಂದ 50 ಮಿ.ಮೀ. ಒಳಗಿನ ನುಣುಪು ಟೈರು ಒಳ್ಳೆಯದು. ಸಪೂರ ಟೈರೇ ಯಾವಾಗಲೂ ವೇಗ ಎನ್ನುವುದು ಹಳೆಯ ನಂಬಿಕೆ. ಒರಟು ರಸ್ತೆಯಲ್ಲಿ ಗಟ್ಟಿ ಗಾಳಿಯ ಸಪೂರ ಟೈರು ಪ್ರತಿ ಕಲ್ಲಿಗೂ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆ ಎಗರಿಸುತ್ತದೆ, ಆ ಎಗರಾಟಕ್ಕೆ ಖರ್ಚಾಗುವುದು ನಿಮ್ಮದೇ ಶಕ್ತಿ. ಮೆದು ಗಾಳಿಯ ದಪ್ಪ ಟೈರು ಕಲ್ಲನ್ನು ತನ್ನೊಳಗೆ ಇಳಿಸಿಕೊಂಡು ಮುಂದೆ ಹೋಗುತ್ತದೆ.

ಗಾಳಿಯ ಕನಿಷ್ಠ, ಗರಿಷ್ಠ ಮಿತಿ ಟೈರಿನ ಬದಿಯಲ್ಲೇ ಬರೆದಿರುತ್ತದೆ. ಗರಿಷ್ಠಕ್ಕೇ ತುಂಬಿಸುವ ಅಗತ್ಯವಿಲ್ಲ. 70 ಕಿಲೋ ತೂಕದವರು 40 ಮಿ.ಮೀ. ಟೈರಿಗೆ 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸಿನಲ್ಲಿ ಶುರುಮಾಡಿ, ಹಿಂದಕ್ಕೆ ತುಸು ಹೆಚ್ಚು, ಮುಂದಕ್ಕೆ ತುಸು ಕಡಿಮೆ ಮಾಡಿ ನೋಡಲಿ. ಟ್ಯೂಬಿನಿಂದ ಗಾಳಿ ತಾನಾಗಿಯೇ ನಿಧಾನಕ್ಕೆ ಸೋರುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಪರೀಕ್ಷಿಸಿ. ಮೀಟರ್ ಇರುವ, ಕಾಲಲ್ಲಿ ಒತ್ತಿ ಹಿಡಿದು ಹೊಡೆಯುವ ದೊಡ್ಡ ಪಂಪು ಮನೆಯಲ್ಲಿರಲಿ. ಸೈಕಲ್ ಸಾಮಾನುಗಳಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಫಲ ಕೊಡುವುದು ಮತ್ತೊಂದಿಲ್ಲ.

ಪಂಕ್ಚರ್ ಆಗದಂತೆ ಏನು ಮಾಡಬೇಕು?

ಪೂರ್ತಿ ತಪ್ಪಿಸಲು ಆಗದು, ತುಂಬಾ ಕಡಿಮೆ ಮಾಡಬಹುದು. ಒಳಗೆ ರಬ್ಬರಿನ ರಕ್ಷಣಾ ಪದರವಿರುವ ಟೈರುಗಳು ಸಿಗುತ್ತವೆ. ಶ್ವಾಲ್ಬೆ ಮ್ಯಾರಥಾನ್ ಅಂಥದ್ದು. ತುಸು ಭಾರ, ಆದರೆ ತಡವಾಗದೆ ತಲುಪಲೇಬೇಕಾದವರಿಗೆ ಆ ಭಾರ ಒಪ್ಪುವಂಥದ್ದೇ. ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬಿದ್ದಿದ್ದರೆ ಮುಳ್ಳು ಹುಡುಕಬೇಡಿ. ಗಾಳಿ ಕಡಿಮೆಯಿದ್ದು, ಗುಂಡಿಯಲ್ಲಿ ರಿಮ್ಮಿಗೂ ನೆಲಕ್ಕೂ ನಡುವೆ ಟ್ಯೂಬು ಸಿಕ್ಕಿ ಆದದ್ದು ಅದು.

ರಸ್ತೆಯಲ್ಲಿ ತೂತು ಹುಡುಕುತ್ತಾ ಕೂರುವ ಬದಲು ಬಿಡಿ ಟ್ಯೂಬು ಹಾಕಿಕೊಂಡು ಹೊರಡಿ, ಪ್ಯಾಚು ಮನೆಯಲ್ಲಿ ಹಾಕಿ. ಹೊಸ ಟ್ಯೂಬು ಹಾಕುವ ಮುನ್ನ ಟೈರಿನ ಒಳಮೈಯನ್ನು ಸುತ್ತಲೂ ಬಟ್ಟೆಯಿಂದ ಸವರಿ. ಗಾಜಿನ ಚೂರು, ಸಣ್ಣ ತಂತಿ ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಬರಿಬೆರಳಾದರೆ ಕೊಯ್ಯುತ್ತದೆ. ಕಾರಣ ಅಲ್ಲೇ ಉಳಿದರೆ ಹೊಸ ಟ್ಯೂಬೂ ಹೋಗುತ್ತದೆ. ಪ್ಯಾಚು ಹಾಕುವಾಗ ಉಪ್ಪುಕಾಗದದಲ್ಲಿ ಉಜ್ಜಿ, ಸಲ್ಯೂಷನ್ ತೆಳ್ಳಗೆ ಹಚ್ಚಿ, ಹೊಳಪು ಹೋಗಿ ಮಂಕಾಗುವ ತನಕ ಕಾಯಿರಿ. ಹಸಿಯಾಗಿರುವಾಗಲೇ ಅಂಟಿಸಿದ ಪ್ಯಾಚು ನಿಲ್ಲುವುದಿಲ್ಲ.

ಡಿಸ್ಕ್ ಬ್ರೇಕ್ ಅಗತ್ಯವೇ?

ಮಳೆಯಲ್ಲೂ ಓಡಿಸುವವರಾದರೆ, ಇಳಿಜಾರು ಹೆಚ್ಚಿದ್ದರೆ ಹೌದು. ರಿಮ್ ಹಿಡಿಯುವ ಬ್ರೇಕು ಒದ್ದೆಯಾದಾಗ ಮೊದಲ ಒಂದೆರಡು ಸುತ್ತು ನೀರು ಒರೆಸುವುದರಲ್ಲೇ ಕಳೆಯುತ್ತದೆ, ಹಿಡಿತ ಆಮೇಲೆ. ಒಣ ಹವೆಯಲ್ಲಿ ರಿಮ್ ಹಿಡಿಯುವ ಒಳ್ಳೆಯ ವಿ-ಬ್ರೇಕು ಯಾವ ನಗರಕ್ಕೂ ಸಾಕು, ರಿಪೇರಿಯೂ ಸುಲಭ. ಡಿಸ್ಕಿನಲ್ಲಿ ಕೇಬಲ್‌ನದು, ಎಣ್ಣೆಯದು ಎಂದು ಎರಡು ಬಗೆ. ಎಣ್ಣೆಯದರಲ್ಲಿ ಎರಡೇ ಬೆರಳಿಗೆ ಸೈಕಲ್ ನಿಲ್ಲುತ್ತದೆ. ಕೇಬಲ್‌ನದನ್ನು ಎಲ್ಲಿ ಬೇಕಾದರೂ ಸರಿಮಾಡಿಸಬಹುದು. ಕೆಲವು ಕಂಪನಿಗಳು ಮಿನರಲ್ ಆಯಿಲ್ ಬಳಸುತ್ತವೆ, ಕೆಲವು ಡಾಟ್ ಎಂಬ ಬ್ರೇಕ್ ದ್ರವ. ಒಂದರ ಬದಲು ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಕೆಟ್ಟು ಬ್ರೇಕೇ ಹೋಗುತ್ತದೆ. ಚೈನಿಗೆ ಬಿಡುವ ಎಣ್ಣೆ ಒಂದು ಹನಿಯೂ ಡಿಸ್ಕಿಗೆ ತಾಗದಂತೆ ನೋಡಿಕೊಳ್ಳಿ.

ಬ್ರೇಕು ಯಾವುದೇ ಇರಲಿ, ಮುಂದಿನದನ್ನು ಬಳಸಲು ಕಲಿಯಿರಿ. ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಸರಿಯುವುದರಿಂದ ನಿಜವಾಗಿ ನಿಲ್ಲಿಸುವುದು ಅದೇ. ಮಗುಚಿಬೀಳುವ ಹೆದರಿಕೆಯಿಂದ ಹಿಂದಿನದನ್ನೇ ಹಿಡಿಯುವವರು ನಿಲ್ಲಲು ದುಪ್ಪಟ್ಟು ದೂರ ಹೋಗಬೇಕಾಗಬಹುದು. ಎರಡನ್ನೂ ಒಟ್ಟಿಗೆ, ಗಕ್ಕನೆ ಅಲ್ಲದೆ ಒತ್ತುತ್ತಾ ಹೋಗಿ, ಮೈಯನ್ನು ಹಿಂದಕ್ಕೆ ತಳ್ಳಿ. ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ.

ಮಡ್‌ಗಾರ್ಡ್ ಹಾಕಿದರೆ ಚೆಂದ ಕೆಡುತ್ತದೆ. ಬೇಕೇ ಬೇಕಾ?

ಬೇಕು. ಮಳೆ ನಿಂತ ಮೇಲೂ ರಸ್ತೆ ಗಂಟೆಗಟ್ಟಲೆ ಒದ್ದೆಯಾಗಿರುತ್ತದೆ, ಬೆನ್ನಿಗೆ ಬೀಳುವ ಕೆಸರಿನ ಗೆರೆ ಆಕಾಶದಿಂದ ಬಂದದ್ದಲ್ಲ. ಸೀಟಿನ ಕೆಳಗೆ ಸಿಕ್ಕಿಸುವ ಪ್ಲಾಸ್ಟಿಕ್ ತುಂಡು ಬೆನ್ನನ್ನು ಮಾತ್ರ ಕಾಯುತ್ತದೆ. ಚಕ್ರವನ್ನು ಬಳಸಿ ಬರುವ ಪೂರ್ತಿ ಮಡ್‌ಗಾರ್ಡ್ ಹಾಕಿಸಿ. ಟೈರಿಗಿಂತ ಎಂಟು ಹತ್ತು ಮಿ.ಮೀ. ಅಗಲ ಹೆಚ್ಚಿರಲಿ, ಮುಂದಿನದರ ತುದಿಗೆ ರಬ್ಬರಿನ ಫ್ಲ್ಯಾಪು ನೆಲಕ್ಕೆ ಹತ್ತಿರವಾಗಿ ಇಳಿಬಿದ್ದಿರಲಿ. ಷೂ ಒಣಗಿರುವುದೂ ಚೈನು ಬಾಳುವುದೂ ಆ ಫ್ಲ್ಯಾಪಿನಿಂದಲೇ.

ಲ್ಯಾಪ್‌ಟಾಪ್ ಬ್ಯಾಗನ್ನು ಬೆನ್ನಿಗೇ ಹಾಕಿಕೊಳ್ಳಬಹುದಲ್ಲ?

ಹತ್ತಿರದ ದಾರಿಗೆ ಪರವಾಗಿಲ್ಲ. ದೂರ ಹೆಚ್ಚಿದಂತೆ ಬೆನ್ನು ಬೆವರುತ್ತದೆ, ಭಾರ ಹೆಗಲಿಂದ ಕೈಗೂ ಸೀಟಿಗೂ ಇಳಿಯುತ್ತದೆ. ಕ್ಯಾರಿಯರ್‌ನ ಬದಿಗೆ ಕೊಕ್ಕೆ ಹಾಕಿ ತೂಗುವ ಪ್ಯಾನಿಯರ್ ಬ್ಯಾಗು ಒಂದಿದ್ದರೆ ಸಾಕು. ಹಲವು ಕ್ಯಾರಿಯರ್‌ಗಳು 25 ಕಿಲೋ ತನಕ ತಾಳುತ್ತವೆ, ಮಿತಿಯನ್ನು ಅದರ ಮೇಲೆಯೇ ಅಚ್ಚು ಮಾಡಿರುತ್ತಾರೆ. ಕೊಳ್ಳುವ ಮುನ್ನ ಬ್ಯಾಗು ತೂಗುಹಾಕಿ ಒಂದು ಸುತ್ತು ತುಳಿದು ನೋಡಿ, ಹಿಮ್ಮಡಿ ಬ್ಯಾಗಿಗೆ ಬಡಿಯಬಾರದು. ಜೋಲುವ ಪಟ್ಟಿ, ದಾರಗಳನ್ನು ಕಟ್ಟಿಬಿಡಿ. ಚಕ್ರದ ಕಡ್ಡಿಗೆ ಸಿಕ್ಕಿದರೆ ಕ್ಷಣದಲ್ಲಿ ಬೀಳುತ್ತೀರಿ.

ಬೀದಿದೀಪ ಇರುವ ರಸ್ತೆಯಲ್ಲಿ ಲೈಟು ಯಾಕೆ?

ನಿಮಗೆ ರಸ್ತೆ ಕಾಣುತ್ತದೆ, ಆದರೆ ನೀವು ಬೇರೆಯವರಿಗೆ ಕಾಣಬೇಕಲ್ಲ. ಮುಂದೆ ಬಿಳಿ, ಹಿಂದೆ ಕೆಂಪು, ಎರಡೂ ಕಡ್ಡಾಯ ಎಂದೇ ತಿಳಿಯಿರಿ. ಬೀದಿದೀಪದ ಕೆಳಗೆ ಕಾಣಿಸಿಕೊಳ್ಳಲು 100 ಲುಮೆನ್ (ಬೆಳಕಿನ ಅಳತೆ) ಸಾಕು. ಕತ್ತಲ ರಸ್ತೆಗೆ 300ರಿಂದ 500 ಬೇಕು. ಅದಕ್ಕಿಂತ ಮುಖ್ಯ, ಬೆಳಕು ಎದುರಿನವರ ಕಣ್ಣಿಗೆ ಹೊಡೆಯದಂತೆ ತುಸು ಕೆಳಕ್ಕೆ ತಿರುಗಿಸಿರುವುದು. ಜರ್ಮನಿಯ ನಿಯಮಕ್ಕೆ ತಕ್ಕಂತೆ ಮಾಡಿದ ಲೈಟುಗಳಲ್ಲಿ ಕಾರಿನ ಲೈಟಿನ ಹಾಗೆ ಬೆಳಕಿನ ಮೇಲಂಚು ಕತ್ತರಿಸಿರುತ್ತದೆ. ಬೆಳಕೆಲ್ಲ ರಸ್ತೆಗೇ ಬೀಳುತ್ತದೆ. ಕತ್ತಲಲ್ಲಿ ಮಿಣುಕುವ ಬೆಳಕಿಗಿಂತ ಸ್ಥಿರ ಬೆಳಕು ಒಳ್ಳೆಯದು, ಮಿಣುಕುವುದರ ದೂರ ಅಂದಾಜಿಗೆ ಸಿಗುವುದಿಲ್ಲ.

ಚಾರ್ಜ್ ಮಾಡುವುದನ್ನು ಮರೆಯುವವರಿಗೆ ಹಬ್ ಡೈನಮೋ ಇದೆ. ಮುಂದಿನ ಚಕ್ರದ ಹಬ್ಬಿನಲ್ಲೇ ಕೂತು 6 ವೋಲ್ಟ್, 3 ವ್ಯಾಟ್ ಕೊಡುತ್ತದೆ. ಟೈರಿಗೆ ಉಜ್ಜುತ್ತಿದ್ದ ಹಳೆಯ ಡೈನಮೋದಂತೆ ಎಳೆಯುವುದಿಲ್ಲ. ಪೆಡಲಿನ ರಿಫ್ಲೆಕ್ಟರ್ ಕಿತ್ತುಹಾಕಬೇಡಿ. ಮೇಲೆ ಕೆಳಗೆ ಆಡುವ ಆ ಎರಡು ಚುಕ್ಕೆ ನೋಡಿದ ಕೂಡಲೇ ಡ್ರೈವರಿಗೆ ಇದು ಸೈಕಲ್ ಎಂದು ಹೊಳೆಯುತ್ತದೆ.

ಎಂಥ ಲಾಕು ಕೊಳ್ಳಲಿ? ಹೇಗೆ ಹಾಕಲಿ?

ಸುರುಳಿ ಕೇಬಲ್ ಲಾಕನ್ನು ಕಟ್ಟರ್‌ನಿಂದ ಕ್ಷಣದಲ್ಲಿ ಕತ್ತರಿಸುತ್ತಾರೆ. ಒಳ್ಳೆಯ ಉಕ್ಕಿನ, 13 ಮಿ.ಮೀ.ಗಿಂತ ದಪ್ಪದ ಯು-ಲಾಕು ಕೊಳ್ಳಿ. ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್, ನೆದರ್‌ಲ್ಯಾಂಡ್ಸ್‌ನ ಎಆರ್‌ಟಿ ಸಂಸ್ಥೆಗಳು ಲಾಕುಗಳನ್ನು ಪರೀಕ್ಷಿಸಿ ದರ್ಜೆ ಕೊಡುತ್ತವೆ, ಪೊಟ್ಟಣದ ಮೇಲೆ ಆ ಗುರುತು ಹುಡುಕಿ.

ಮುಂದಿನ ಚಕ್ರಕ್ಕೆ ಮಾತ್ರ ಲಾಕು ಹಾಕಿ ಹೋದರೆ, ಬಂದಾಗ ಚಕ್ರ ಮಾತ್ರ ಉಳಿದಿರಬಹುದು. ಹಿಂದಿನ ಚಕ್ರ, ಫ್ರೇಮು, ನೆಲಕ್ಕೆ ಗಟ್ಟಿಯಾಗಿ ಹೂತ ಕಂಬಿ ಮೂರೂ ಒಂದೇ ಲಾಕಿನೊಳಗೆ ಬರಬೇಕು. ಕಂಬ ಗಿಡ್ಡಗಿದ್ದು, ಸೈಕಲ್ಲನ್ನು ಎತ್ತಿ ಮೇಲಿಂದ ತೆಗೆಯುವಂತಿದ್ದರೆ ಬೇರೆ ಜಾಗ ನೋಡಿ. ಲಾಕಿನೊಳಗೆ ಖಾಲಿ ಜಾಗ ಕಡಿಮೆ ಇದ್ದಷ್ಟೂ ಸನ್ನೆಗೋಲು ತೂರಿಸಿ ಮುರಿಯುವುದು ಕಷ್ಟ. ಕೀಲಿಯ ತೂತು ನೆಲದ ಕಡೆಗಿರಲಿ. ಮುಂದಿನ ಚಕ್ರಕ್ಕೆ ಎರಡನೇ ಸಣ್ಣ ಲಾಕು, ಇಲ್ಲವೇ ಕೈಯಲ್ಲೇ ಬಿಚ್ಚಬಹುದಾದ ಕ್ವಿಕ್ ರಿಲೀಸ್ ಬದಲು ಅಲೆನ್ ಕೀ ಬೇಕಾಗುವ ಬೋಲ್ಟು. ಪೆಡಲ್ ಅಚ್ಚಿನ ಅಡಿಯಲ್ಲಿ ಸಾಮಾನ್ಯವಾಗಿ ಫ್ರೇಮಿನ ನಂಬರ್ ಕೆತ್ತಿರುತ್ತಾರೆ, ಅದರ ಫೋಟೊವನ್ನೂ ಬಿಲ್ಲನ್ನೂ ಇವತ್ತೇ ತೆಗೆದಿಡಿ.

ಹೆಲ್ಮೆಟ್?

ಹಾಕಿಕೊಳ್ಳಿ. ಒಳಗೆ ಯುರೋಪಿನ ಇಎನ್ 1078 ಅಥವಾ ಅಮೆರಿಕದ ಸಿಪಿಎಸ್‌ಸಿ ಸುರಕ್ಷತಾ ಗುರುತು ಇರಬೇಕು. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಕೂರಬೇಕು, ಪಟ್ಟಿ ಕಿವಿಯ ಕೆಳಗೆ ಸೇರಬೇಕು. ಒಮ್ಮೆ ಬಿದ್ದು ಪೆಟ್ಟಾದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ, ಒಳಗಿನ ಫೋಮು ಒಂದೇ ಸಲಕ್ಕೆ ಆಗುವುದು.

ಇ-ಸೈಕಲ್ ಒಳ್ಳೆಯದೇ?

ಏರು ಹೆಚ್ಚಿದ್ದು, ದೂರ ಹತ್ತು ಕಿಲೋಮೀಟರ್ ದಾಟಿದ್ದು, ಬೆವರದೆ ತಲುಪಬೇಕಾಗಿದ್ದರೆ ಬಹಳ ಒಳ್ಳೆಯದು. ಯುರೋಪಿನ ನಿಯಮದಲ್ಲಿ ಮೋಟಾರು 250 ವ್ಯಾಟ್, ನೆರವು ಗಂಟೆಗೆ 25 ಕಿ.ಮೀ. ವೇಗದವರೆಗೆ, ಅದೂ ಪೆಡಲ್ ತುಳಿದಾಗ ಮಾತ್ರ. ನಿಮ್ಮ ಕಡೆಯ ನಿಯಮ ನೋಡಿಕೊಂಡು ಕೊಳ್ಳಿ. 400 ವ್ಯಾಟ್-ಅವರ್ ಬ್ಯಾಟರಿಯಲ್ಲಿ, ಕಿಲೋಮೀಟರಿಗೆ ಹತ್ತರಂತೆ ಖರ್ಚಾದರೆ, 40 ಕಿ.ಮೀ. ಬರುತ್ತದೆ. ಏರು, ಎದುರುಗಾಳಿ ಇದ್ದರೆ ಇನ್ನೂ ಕಡಿಮೆ. ಒಮ್ಮೆ ಎತ್ತಿ ನೋಡಿ: ಅನೇಕವು 20 ಕಿಲೋ ದಾಟುತ್ತವೆ, ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿ ಇರುವವರಿಗೆ ಅದೇ ತೊಡಕು. ಬ್ಯಾಟರಿ ಬಿಚ್ಚಿ ಒಳಗೆ ಒಯ್ಯುವಂತಿರಲಿ.

ಸೆಕೆಂಡ್ ಹ್ಯಾಂಡ್ ಸೈಕಲ್‌ನಲ್ಲಿ ಏನು ನೋಡಬೇಕು?

ಹ್ಯಾಂಡಲ್‌ನ ಕೆಳಗೆ ಪೈಪುಗಳು ಕೂಡುವ ಜಾಗದಲ್ಲಿ ಬಿರುಕು, ಬಣ್ಣ ಸುಕ್ಕುಗಟ್ಟಿದ ಗುರುತು ಇದೆಯೇ ನೋಡಿ. ಇದ್ದರೆ ಎಷ್ಟು ಅಗ್ಗವಾದರೂ ಬೇಡ. ಚಕ್ರ ಎತ್ತಿ ತಿರುಗಿಸಿ, ಅಲುಗಾಡುತ್ತಾ ತಿರುಗುತ್ತದೆಯೇ ಗಮನಿಸಿ. ಪೆಡಲಿನ ತೋಳನ್ನು ಅಡ್ಡಡ್ಡ ಅಲ್ಲಾಡಿಸಿ, ಲೊಟಲೊಟ ಎಂದರೆ ಒಳಗಿನ ಬೇರಿಂಗ್ ಹೋಗಿದೆ. ಸೀಟಿನ ಕಂಬ ಏರಿಳಿಯುತ್ತದೆಯೇ? ತುಕ್ಕಿಗೆ ಕಚ್ಚಿಕೊಂಡಿದ್ದರೆ ಬಿಡಿಸುವುದು ಬಲು ಕಷ್ಟ. ಬಿಲ್ಲು ಕೇಳಿ. ಕದ್ದ ಸೈಕಲ್ ಕೊಳ್ಳಬೇಡಿ.

ಒಟ್ಟಿಗೆ ಎಲ್ಲ ಕೊಳ್ಳಲು ದುಡ್ಡಿಲ್ಲ. ಯಾವುದು ಮೊದಲು?

ಲೈಟು, ಲಾಕು, ಹೆಲ್ಮೆಟ್, ಪಂಪು, ಬೆಲ್ಲು ಸೈಕಲ್ ಜೊತೆಗೇ ಬರಲಿ. ಮಡ್‌ಗಾರ್ಡ್ ಮಳೆಗಾಲಕ್ಕೆ ಮುಂಚೆ. ಕ್ಯಾರಿಯರ್, ಬ್ಯಾಗು ಆಮೇಲೆ. ಇಷ್ಟಕ್ಕೆ ಉಳಿಯದಿದ್ದರೆ ಒಂದು ಮೆಟ್ಟಿಲು ಕೆಳಗಿನ ಸೈಕಲ್ ಆರಿಸಿ. ದುಬಾರಿ ಸೈಕಲ್ ತಂದು ಲೈಟಿಲ್ಲದೆ ಓಡಿಸುವುದು ನನಗೆ ಒಪ್ಪಿಗೆಯಿಲ್ಲ.

ಕೊಂಡ ಮೇಲೆ ಯಾವಾಗ ಸರ್ವಿಸ್ ಮಾಡಿಸಬೇಕು?

ಮೊದಲ ತಿಂಗಳ ಕೊನೆಗೆ ಒಮ್ಮೆ ತಪ್ಪದೆ. ಹೊಸ ಕೇಬಲ್‌ಗಳು ಸಡಿಲಗೊಂಡಿರುತ್ತವೆ, ಚಕ್ರದ ಕಡ್ಡಿಗಳು ಬಿಗಿ ಕಳೆದುಕೊಂಡಿರುತ್ತವೆ, ಬೋಲ್ಟುಗಳಿಗೆ ಇನ್ನೊಂದು ಸುತ್ತು ಬೇಕಾಗುತ್ತದೆ. ಆಮೇಲೆ ಹೆಚ್ಚಿನದು ನಿಮ್ಮ ಕೈಯಲ್ಲೇ ಆಗುವ ಕೆಲಸ. ಚೈನನ್ನು ಬಟ್ಟೆಯಿಂದ ಒರೆಸಿ, ಪ್ರತಿ ಕೊಂಡಿಯ ಮೇಲೆ ಚೈನ್ ಎಣ್ಣೆಯ ಒಂದು ಹನಿ ಬಿಟ್ಟು, ಸ್ವಲ್ಪ ಹೊತ್ತು ತಿರುಗಿಸಿ, ಹೊರಗಿನದನ್ನೆಲ್ಲ ಮತ್ತೆ ಒರೆಸಿಬಿಡಿ. ಎಣ್ಣೆ ಇರಬೇಕಾದದ್ದು ಕೊಂಡಿಯ ಒಳಗೆ, ಹೊರಗಿದ್ದರೆ ಧೂಳು ಮೆತ್ತಿಕೊಂಡು ಚೈನನ್ನೇ ಅರೆಯುತ್ತದೆ.

ಚೈನು ಸವೆದಿದೆಯೇ ಎಂದು ತಿಳಿಯಲು ಒಂದು ಸ್ಕೇಲು ಸಾಕು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, 24 ಕೊಂಡಿಗೆ ಸರಿಯಾಗಿ 12 ಇಂಚು. ಅದು ಒಂದೂವರೆ ಮಿಲಿಮೀಟರ್ ಹೆಚ್ಚಾಗಿದ್ದರೆ ಚೈನು ಬದಲಿಸಿ. ಮೂರು ಮಿಲಿಮೀಟರ್ ತನಕ ಬಿಟ್ಟರೆ ಅಷ್ಟರಲ್ಲಿ ಹಿಂದಿನ ಹಲ್ಲುಗಳೂ ಸವೆದಿರುತ್ತವೆ, ಅವುಗಳನ್ನೂ ಬದಲಿಸಬೇಕಾಗುತ್ತದೆ. ಪೆಡಲ್ ಬಿಚ್ಚುವಾಗ ನೆನಪಿರಲಿ: ಎಡಗಡೆಯ ಪೆಡಲಿನ ಮರೆ (ಥ್ರೆಡ್) ಉಲ್ಟಾ, ಅದನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿ ಬಿಚ್ಚಬೇಕು.